ಬೈಲಹೊಂಗಲದ ಸೋಜರ ಮುತ್ಯಾ

ಕಿತ್ತೂರಿನಿಂದ ನನ್ನನ್ನು ನೋಡಲು ಬಂದಾಗ ನನಗೆ ಹದಿನಾರು ನಡೆಯುತ್ತಿತ್ತು. ಆ ಕಾಲಕ್ಕೆ ಅದು ತಡವೇ. ನಾನು ಬೈಲಹೊಂಗಲದ ಹೆಣ್ಣುಮಕ್ಕಳ ಶಾಲೆ ಮುಗಿಸಿ, ಮನೆಯಲ್ಲೇ ಓದಿಕೊಂಡು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುತ್ತೇನೆಂದು ಹಟ ಹಿಡಿದಿದ್ದೆ. ನನ್ನ ಹಟಕ್ಕೆ ಬೆನ್ನು ಕೊಟ್ಟವರು ಆಯಿ, ಅಂದರೆ ನನ್ನ ತಂದೆಯ ತಾಯಿ. ಊರಿನಲ್ಲಿ ಆಯಿಯ ವಾರಿಗೆಯ ಹೆಂಗಸರಲ್ಲಿ ಓದು ಬರಹ ಬಲ್ಲವರು ಇನ್ನೊಬ್ಬರಿರಲಿಲ್ಲ. ಮುಂಜಾನೆ ಲಿಂಗಪೂಜೆ ಮುಗಿಸಿ, ವಚನದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತ ಓದುತ್ತಿದ್ದರು. ಬಾವಿಗೆ ಹೋಗುವ ಹೆಂಗಸರು ನಿಂತು ನೋಡಿ ಹೋಗುತ್ತಿದ್ದರು.

ಅಪ್ಪನದು ಅರಳೆ ದಲಾಲಿ. ಪೇಟೆಯಲ್ಲಿ ಒಳ್ಳೆಯ ಹೆಸರು. ಕಿತ್ತೂರಿನವರೂ ಜಮೀನುಳ್ಳವರು, ಹುಡುಗ ಧಾರವಾಡದಲ್ಲಿ ಓದಿದವನು. ಮಾತುಕತೆ ಮುಕ್ಕಾಲುಪಾಲು ಮುಗಿದೇಹೋಗಿತ್ತು. ಹುಡುಗನ ಅಜ್ಜ, ಎಪ್ಪತ್ತು ದಾಟಿದ ಎತ್ತರದ ಆಳು, ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ನಾನು ಹಾಲಿನ ಬಟ್ಟಲು ಕೊಡಲು ಬಗ್ಗಿದಾಗ ಅವರು ನನ್ನ ಮುಖವನ್ನು ನೆಟ್ಟಗೆ ನೋಡಿದರು.

"ಹುಡುಗಿ ಕಣ್ಣು ಬ್ಯಾರೆ ಬಣ್ಣ ಅದಾವಲ್ರಿ," ಎಂದರು.

ನನ್ನ ಕಣ್ಣು ಬೂದು ಬಣ್ಣದವು. ಶಾಲೆಯಲ್ಲಿ ನನ್ನನ್ನು ಬೆಕ್ಕಿನ ಮರಿ ಎನ್ನುತ್ತಿದ್ದರು. ಅಪ್ಪ ಏನೋ ಹೇಳಲು ಬಾಯಿ ತೆರೆದರು. ಆಯಿ ಅಷ್ಟರಲ್ಲಿ ಒಳಬಾಗಿಲಿನಿಂದ ಹೊರಗೆ ಬಂದರು.

"ಅವು ನಮ್ಮಪ್ಪನ ಕಣ್ಣರಿ. ನಮ್ಮಪ್ಪ ಪರದೇಶದಾಂವ. ಬೆಳಗಾಂವಿ ದಂಡಿನ್ಯಾಗ ಸೋಜರ ಇದ್ದ."

ಸೋಜರ ಎಂದರೆ ಬಿಳಿಯ ಸಿಪಾಯಿ. ನಮ್ಮ ಮನೆಯ ಈ ಸಂಗತಿ ಬೈಲಹೊಂಗಲದಲ್ಲಿ ಎಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ನಾವೂ ಅವರನ್ನು ಸೋಜರ ಮುತ್ಯಾ ಎಂದೇ ಕರೆಯುತ್ತಿದ್ದೆವು. ಆದರೆ ಕಿತ್ತೂರಿನವರಿಗೆ ಯಾರೂ ಹೇಳಿರಲಿಲ್ಲವೆಂದು ಅವರ ಮುಖ ನೋಡಿದಾಗಲೇ ತಿಳಿಯಿತು. ಅಜ್ಜ ಹಾಲಿನ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು.

"ಕಂಪನಿ ಸೋಜರೇನ್ರಿ?"

"ಹೌದ್ರಿ."

"ಅವ್ವಾ, ಸಿಟ್ಟಿಗೇಳಬ್ಯಾಡ್ರಿ. ನಮ್ಮ ದೊಡ್ಡಪ್ಪ ಕಿತ್ತೂರ ಕೋಟಿ ಮ್ಯಾಲ ಸತ್ತಾಂವ. ತೋಪಿನ ಗುಂಡು ಬಿದ್ದು ಹೆಣಾ ಸೈತ ಪೂರಾ ಸಿಗಲಿಲ್ಲಂತ ನಮ್ಮಪ್ಪ ಹೇಳತಿದ್ದ. ಆ ತೋಪು ಹಾರಿಸಿದವರೊಳಗ ನಿಮ್ಮಪ್ಪ ಇದ್ದನೋ ಇಲ್ಲೋ, ಅಷ್ಟ ಹೇಳ್ರಿ. ಇದ್ದಿಲ್ಲ ಅಂದ್ರ ಹುಡುಗಿ ಇವತ್ತ ನಮ್ಮಾಕಿ."

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಪ್ಪ ಆಯಿಯ ಕಡೆ ಹಾಗೆಯೇ ನೋಡುತ್ತಿದ್ದರು. ಆಯಿ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡರು.

"ಗೊತ್ತಿಲ್ರಿ," ಎಂದರು. "ಇನ್ನೊಂದ ಮಾತು ಐತಿ. ದಂಡು ಬಿಟ್ಟು ಓಡಿ ಬಂದು ಚಚಡಿ ಹಳ್ಳಿ ಒಳಗ ಜ್ವಾಳಾ ತುಂಬೂ ನೆಲದ ಹಗೇದಾಗ ಅಡಗಿ ಕುಂತಿದ್ದ ಅಂತ ಊರಾಗ ಅಂತಾರ. ಅದೂ ಖರೇನೋ ಸುಳ್ಳೋ ನನಗ ತಿಳೀದು. ತಿಳಕೊಂಡು ಹೇಳತೇನಿ. ಕಿತ್ತೂರ ಮ್ಯಾಲ ಹೋಗಿದ್ದ ಅಂತ ಗೊತ್ತಾದ್ರ, ನಾನ ನಿಮ್ಮ ಮನಿಗೆ ಬಂದು ನಮ್ಮ ಹುಡುಗಿ ಬ್ಯಾಡ್ರಿ ಅಂತ ಹೇಳಿ ಬರತೇನಿ."

ಅಜ್ಜ ಕಂಬ ಬಿಟ್ಟು ನೆಟ್ಟಗೆ ಕುಳಿತರು. ಆಮೇಲೆ, "ಎಲ್ಲಿ ಕೇಳತೀರಿ?" ಎಂದರು.

"ಬೆಳಗಾಂವಿ ದಂಡಿನ ಕಚೇರಿ ಒಳಗ ಕಾಗದಾ ಪತ್ರಾ ಇರ್ತಾವಂತ. ಅಲ್ಲಿ."

"ಹಂಗಾರ ನಾನೂ ಬರತೇನಿ. ನನ್ನ ಕಿವಿಲೇ ಕೇಳಬೇಕು."

ಆ ದಿನ ಅವರು ನಮ್ಮಲ್ಲಿ ಊಟ ಮಾಡದೆ ಎದ್ದು ಹೋದರು. ನನಗೆ ಅವಮಾನವಾಯಿತು, ಅಡುಗೆಮನೆಯಲ್ಲಿ ಕುಳಿತು ಅತ್ತೆ. ಆಯಿ ಬಂದು ನನ್ನ ಪಕ್ಕ ಕುಳಿತರು, ಸಮಾಧಾನದ ಮಾತೇನೂ ಆಡಲಿಲ್ಲ. "ಅಂವ ಕೇಳಿದ್ದು ತಪ್ಪಲ್ಲ. ನಾನ ಅರವತ್ತ ವರ್ಷ ಕೇಳಬೇಕಿತ್ತು, ಕೇಳಲಿಲ್ಲ," ಎಂದರು, ಅಷ್ಟೇ.

ಆಯಿಗೆ ತನ್ನ ತಂದೆಯ ಬಗ್ಗೆ ಗೊತ್ತಿದ್ದುದು ಬಹಳ ಕಡಿಮೆ. ಎತ್ತರದ ಮನುಷ್ಯ, ಒಂದು ಕಾಲು ಎಳೆದು ನಡೆಯುತ್ತಿದ್ದ, ಬಡಿಗತನ ಮಾಡುತ್ತಿದ್ದ, ಬಿತ್ತುವ ಕೂರಿಗೆಯ ತಾಳು ಕೂಡಿಸುವುದರಲ್ಲಿ ಜಾಣ. ವರ್ಷಕ್ಕೆ ಕೆಲವು ಸಲ ಬೆಳಗಾವಿಗೆ ಹೋಗಿ ಕಲ್ಲುಸಕ್ಕರೆ ತರುತ್ತಿದ್ದ. ಯಾಕೆ ಹೋಗುತ್ತಿದ್ದ ಎಂದು ಮಗುವಿಗೆ ಯಾರು ಹೇಳಬೇಕು? ತಾಯಿ ಚಚಡಿಯವರು, ಊರ ಐಗಳ ಮಗಳು. ಐಗಳೆಂದರೆ ಆಗ ಮನೆಯ ಪಡಸಾಲೆಯಲ್ಲೇ ಹುಡುಗರಿಗೆ ಅಕ್ಷರ ಹೇಳಿಕೊಡುವವರು. ಅಂಥ ಮನೆಯ ಮಗಳು ಪರದೇಶಿಯ ಕೈ ಹಿಡಿದಳೆಂದು ತವರು ಅವರನ್ನು ದೂರ ಇಟ್ಟಿತ್ತು. ಇಬ್ಬರೂ ಬೈಲಹೊಂಗಲದಲ್ಲಿ ಬಂದು ನೆಲೆಸಿದರು. ಮುತ್ಯಾ ತಮ್ಮ ದೇವರನ್ನು ಕೊನೆಯವರೆಗೂ ಬಿಡಲಿಲ್ಲವಂತೆ. ಆದರೆ ಮಗಳಿಗೆ ಮಠದಲ್ಲಿ ಲಿಂಗ ಕಟ್ಟಿಸಿದವರೂ ಅವರೇ. ಆಯಿಗೆ ಎಂಟು ವರ್ಷವಾಗಿದ್ದಾಗ ವಾಂತಿಭೇದಿಯ ಬೇನೆ ಬಂತು. ಒಂದೇ ವಾರದಲ್ಲಿ ತಂದೆ, ತಾಯಿ ಇಬ್ಬರೂ ಹೋದರು. ಚಚಡಿಯ ಸೋದರಮಾವ ಬಂದು ಮಗುವನ್ನು ಕರೆದುಕೊಂಡು ಹೋಗಿ ಸಾಕಿದ, ದೊಡ್ಡವಳಾದ ಮೇಲೆ ಬೈಲಹೊಂಗಲಕ್ಕೇ ಮದುವೆ ಮಾಡಿಕೊಟ್ಟ. ಆದರೆ ಆ ಮನೆಯಲ್ಲಿ ತಂದೆಯ ಹೆಸರು ಎತ್ತುವಂತಿರಲಿಲ್ಲ. ತಂದೆಯ ಕಾಗದಗಳಿದ್ದ ಪೆಟ್ಟಿಗೆಯನ್ನು ಗೆದ್ದಲು ತಿಂದಿತ್ತು.

ಅಪ್ಪನ ಪರಿಚಯದ ವಕೀಲರೊಬ್ಬರು ಬೆಳಗಾವಿಯಲ್ಲಿದ್ದರು. ಅವರ ಮೂಲಕ ಅರ್ಜಿ ಹಾಕಿಸಿ, ಬರಲು ಹೇಳಿಕಳಿಸಿದ ಮೇಲೆ ನಾವು ಹೊರಟೆವು. ನನ್ನನ್ನು ಕರೆದೊಯ್ಯುವುದು ಅವ್ವನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ.

"ಮಾತುಕತಿ ಮುರದ ಬೀಳೂ ಹಂಗದ. ಹುಡುಗನ ಅಜ್ಜನ ಜೋಡಿ ಒಂದ ಚಕ್ಕಡಿ ಒಳಗ ಹುಡುಗಿ ಕುಂತು ಹೋದ್ರ ಮಂದಿ ಏನಂದಾರು?"

"ಆಕಿ ಕಣ್ಣಿನ ಮಾತಿದು. ಆಕಿ ನೋಡಲಿ," ಎಂದರು ಆಯಿ. ಅಲ್ಲಿಗೆ ಮುಗಿಯಿತು.

ಚಕ್ಕಡಿ ಸಂಪಗಾವಿ ದಾಟಿ ಬಾಗೇವಾಡಿಯ ದಾರಿ ಹಿಡಿಯಿತು. ಬೇಸಿಗೆ. ಎರೆ ಹೊಲಗಳು ಬಿರುಕು ಬಿಟ್ಟು ಬಯಲಾಗಿ ಬಿದ್ದಿದ್ದವು. ಇಬ್ಬರು ಹಿರಿಯರೂ ದಾರಿಯುದ್ದಕ್ಕೂ ಮಾತಾಡಿದರು, ಎಲ್ಲ ಬೇಸಾಯದ ಮಾತು. ಈ ವರ್ಷ ಬಿಳಿಜೋಳ ಹೇಗೆ ಬಂತು, ಸವದತ್ತಿ ಕಡೆಯ ಎತ್ತು ಚಲೋನೋ ನಮ್ಮ ಕಡೆಯವು ಚಲೋನೋ. ಹೋಗುತ್ತಿರುವ ಕೆಲಸದ ಬಗ್ಗೆ ಒಂದು ಶಬ್ದವಿಲ್ಲ. ಮಧ್ಯಾಹ್ನ ಹುಣಸೆ ಮರದ ನೆರಳಲ್ಲಿ ಎತ್ತು ಬಿಚ್ಚಿದೆವು. ಅಜ್ಜ ತಮ್ಮ ಬುತ್ತಿಯನ್ನು ತಾವೇ ತಂದಿದ್ದರು, ಸ್ವಲ್ಪ ದೂರ ಹೋಗಿ ಗಂಟು ಬಿಚ್ಚಿದರು. ಆಯಿ ಅದನ್ನು ನೋಡಿ, ನಮ್ಮ ಬುತ್ತಿಯಿಂದ ಎರಡು ರೊಟ್ಟಿ, ಮೇಲೆ ಗುರೆಳ್ಳ ಚಟ್ನಿ ಇಟ್ಟು, ಎದ್ದು ಹೋಗಿ ಅವರ ಮುಂದೆ ಇಟ್ಟರು.

"ಬೀಗರಂತ ತಿನ್ನಬ್ಯಾಡ್ರಿ. ದಾರ್ಯಾಗ ಸಿಕ್ಕಾಕಿ ಕೊಟ್ಟಳು ಅಂತ ತಿನ್ರಿ."

ಅಜ್ಜ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ರೊಟ್ಟಿ ತಿಂದರು, ಚಟ್ನಿಯನ್ನು ಇನ್ನಷ್ಟು ಕೇಳಿ ಹಾಕಿಸಿಕೊಂಡರು.

ಬೆಳಗಾವಿಯ ದಂಡಿನ ಕಚೇರಿಯಲ್ಲಿ ನಮ್ಮನ್ನು ಒಂದು ಉದ್ದನೆಯ ಕೋಣೆಗೆ ಕರೆದೊಯ್ದರು. ಗೋಡೆಯುದ್ದಕ್ಕೂ ಕಪಾಟುಗಳು, ಅವುಗಳ ತುಂಬ ಕೆಂಪು ಅರಿವೆಯಲ್ಲಿ ಕಟ್ಟಿದ ದಫ್ತರಗಳು. ಕಾರಕೂನರು ನಮ್ಮ ಕಡೆಯವರೇ, ಗೋಕಾವಿ ಮಾತಿನ ಧಾಟಿ. ವಕೀಲರ ಅರ್ಜಿ ಕೈಗೆ ಬಂದಾಗಿನಿಂದ ಹುಡುಕಿ ಒಂದು ಕಟ್ಟನ್ನು ತೆಗೆದಿಟ್ಟಿದ್ದರು. ಆಯಿಗೆ ಕುರ್ಚಿ ಕೊಟ್ಟರು. ಆಯಿ ಒಲ್ಲೆನೆಂದು ಮೇಜಿನ ಅಂಚು ಹಿಡಿದು ನಿಂತೇ ಇದ್ದರು. ಕಾರಕೂನರು ಇಂಗ್ಲಿಷಿನಲ್ಲಿದ್ದುದನ್ನು ಮನಸ್ಸಿನಲ್ಲಿ ಓದಿಕೊಂಡು ನಮಗೆ ಕನ್ನಡದಲ್ಲಿ ಹೇಳತೊಡಗಿದರು.

"ತೋಪಖಾನಿ ಒಳಗಿನ ಸೋಜರ," ಎಂದರು ಮೊದಲಿಗೆ.

ಯಾವುದು ಆಗಬಾರದಿತ್ತೋ ಅದೇ. ನಾನು ಅಜ್ಜನ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಆಯಿಯ ಕೈ ಮೇಜಿನ ಅಂಚನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯಿತು.

"ಹೇಳ್ರಿ. ಮುಂದ ಹೇಳ್ರಿ," ಎಂದರು.

"ಎಡಗಾಲ ಮ್ಯಾಲ ತೋಪಿನ ಗಾಲಿ ಹಾದು ಕಾಲು ಕೆಲಸಕ್ಕ ಬರದಂಗಾಗೇದ. ದಂಡಿನಿಂದ ಬಿಡುಗಡಿ ಕೊಟ್ಟಾರ. ನಡತಿ ಚಲೋ ಅಂತ ಬರದದ. ತಮ್ಮ ದೇಶಕ್ಕ ಹೋಗಾಕ ಒಲ್ಲೆ ಅಂದಾರ, ಬೈಲಹೊಂಗಲದಾಗ ಇರಾಕ ಪರವಾನಗಿ ಕೇಳ್ಯಾರ, ಸಿಕ್ಕದ."

ಅಪ್ಪ ಮುಂದೆ ಬಾಗಿದರು. "ಅಂದ್ರ ಓಡಿ ಬಂದಿಲ್ಲ?"

"ಓಡಿ ಹೋದಾಂವಗ ಸರಕಾರ ಪೆನ್ಶನ್ ಕೊಡತದೇನ್ರಿ? ಇವರು ಸಾಯೂತನಕಾ ಇಲ್ಲಿ ಬಂದು ಪೆನ್ಶನ್ ತೊಗೊಂಡಾರ. ಅವರ ಪಲ್ಟಣ ಆಮ್ಯಾಲ ಬ್ಯಾರೆ ಕಡೆ ಹೋಗೇದ. ದಂಡು ಹೋತು, ಇವರೊಬ್ಬರ ಉಳದರು. ಮಂದಿ ಹಂಗ ತಿಳದಿರಬೇಕು."

ಬೆಳಗಾವಿಯ ಕಲ್ಲುಸಕ್ಕರೆ ಎಲ್ಲಿಂದ ಬರುತ್ತಿತ್ತೆಂದು ನಮಗೆ ಆಗ ತಿಳಿಯಿತು. ಅಪ್ಪ ದೊಡ್ಡದೊಂದು ಉಸಿರು ಬಿಟ್ಟರು. ಹಗೇವಿನ ಕಥೆಯನ್ನು ಅವರು ತಮ್ಮ ಶಾಲೆಯ ದಿನಗಳಿಂದ ಕೇಳಿಕೊಂಡು ಬಂದವರು.

ಕಾರಕೂನರು ಇನ್ನೊಂದು ಪುಸ್ತಕ ತೆರೆದರು. ಪೆನ್ಶನ್ ಪಡೆದವರು ರುಜು ಮಾಡಿದ ಪುಸ್ತಕ ಅದು. ಮುತ್ಯಾ ಓದು ಬಾರದವರು. ಪುಟ ಪುಟದಲ್ಲೂ ಅವರ ಹೆಸರನ್ನು ಯಾರೋ ಇಂಗ್ಲಿಷಿನಲ್ಲಿ ಬರೆದಿದ್ದರು, ಅದರ ಪಕ್ಕ ಎರಡು ಗೆರೆ ಕತ್ತರಿಸಿ ಹಾಕಿದ ಗುರುತು. ಕಾರಕೂನರು ಪುಟ ತಿರುವುತ್ತ ಹೋದರು. ಕತ್ತರಿ ಗುರುತು, ಮತ್ತೆ ಕತ್ತರಿ ಗುರುತು. ನಾನು ಆಯಿಯ ಭುಜದ ಹಿಂದೆ ನಿಂತು ನೋಡುತ್ತಿದ್ದೆ. ಒಂದು ಪುಟದಲ್ಲಿ ಆ ಗುರುತಿನ ಜಾಗದಲ್ಲಿ ಬೇರೆ ಏನೋ ಇತ್ತು. ಮಸಿ ಹರಡಿತ್ತು, ಗೆರೆಗಳು ಬಾಗಿದ್ದವು. ಕಾರಕೂನರು ಗಮನಿಸದೆ ಪುಟ ಮಗುಚಿದರು.

"ತಡೀರಿ," ಎಂದೆ. ಹಿರಿಯರ ನಡುವೆ ನಾನು ಬಾಯಿ ತೆರೆದದ್ದು ಅದೇ ಮೊದಲು. "ಹಿಂದಿನ ಹಾಳಿ ತೋರಸ್ರಿ. ಅದು ಕನ್ನಡ!"

ಹೌದು, ಕನ್ನಡ. 'ಬ'ದ ಹೊಟ್ಟೆ ಒಳಕ್ಕೆ ಹೋಗಿತ್ತು, 'ಲ' ಮಲಗಿಕೊಂಡಿತ್ತು. ಆದರೆ ಓದಬಹುದಾಗಿತ್ತು. ಊರವರು ತಮ್ಮನ್ನು ಕರೆಯುತ್ತಿದ್ದ 'ಸೋಜರ' ಎಂಬ ಹೆಸರನ್ನೇ ಬರೆದು, ಅದರ ಕೆಳಗೆ 'ಬೈಲಹೊಗಲ' ಎಂದು ಊರ ಹೆಸರು ಬರೆದಿದ್ದರು. ನಡುವಿನ ಸೊನ್ನೆ ಬಿಟ್ಟುಹೋಗಿತ್ತು. ಮುಂದಿನ ಸಲವೂ ಸೊನ್ನೆ ಇಲ್ಲ. ಅದರ ಮುಂದಿನ ಪುಟದಲ್ಲಿ ಸೊನ್ನೆ ಬಂದಿತ್ತು, ಬೇಕಾದುದಕ್ಕಿಂತ ದೊಡ್ಡದಾಗಿ, ಕೊಬ್ಬರಿ ಬಟ್ಟಲಿನ ಹಾಗೆ. ಅಲ್ಲಿಂದ ಮುಂದೆ ಅಕ್ಷರಗಳು ಪುಟದಿಂದ ಪುಟಕ್ಕೆ ನೆಟ್ಟಗಾಗುತ್ತ ಬಂದವು. ಕೊನೆಯ ರುಜು ಯಾವ ಶಾನುಭೋಗರೂ ಮೆಚ್ಚುವಂತಿತ್ತು.

ಅಲ್ಲಿಯವರೆಗೆ ನಮ್ಮ ಮುಂದಿದ್ದ ಕಾಗದಗಳಲ್ಲಿ ಒಂದಕ್ಷರವನ್ನೂ ನಾವು ಓದಲಾಗಿರಲಿಲ್ಲ. ಇದೊಂದನ್ನು ಓದಲು ನಮಗೆ ಯಾರೂ ಬೇಕಿರಲಿಲ್ಲ. ಅಜ್ಜ ಮೇಜಿನ ಬಳಿ ಬಂದು, ಬೆರಳಿಟ್ಟು, ಗಟ್ಟಿಯಾಗಿ ಓದಿದರು. ಕಾರಕೂನರೂ ಕುರ್ಚಿಯಿಂದ ಎದ್ದು ಬಗ್ಗಿ ನೋಡಿದರು.

ಆಯಿ ಅಳಲಿಲ್ಲ. ಅವರ ಮುಖದಲ್ಲಿ ಏನೋ ಬೆಳಗಿದಂತಾಯಿತು.

"ನಮ್ಮವ್ವ ತಾಟಿನ್ಯಾಗ ಬೂದಿ ಹರವಿ ಅಕ್ಷರ ಬರದ ಕೊಡತಿದ್ದಳು," ಎಂದರು. "ಅಪ್ಪ ತನ್ನ ತೊಡಿ ಮ್ಯಾಲ ನನ್ನ ಕುಂಡರಿಸಿಕೊಂಡು, ನನ್ನ ಬೆರಳ ಹಿಡದು ತಿದ್ದಸತಿದ್ದ. ನನಗ ಕಲಸಾಕ ಹತ್ಯಾನ ಅಂತ ತಿಳದಿದ್ದೆ ನಾ. ಅಂವನೂ ಕಲ್ಯಾಕ ಹತ್ತಿದ್ದ, ನೋಡು. ಇಬ್ರೂ ಕೂಡೇ ಕಲ್ತೀವಿ."

ಹುಟ್ಟಿದೂರಿನಲ್ಲಿ ಯಾರೂ ಕಲಿಸದ ಅಕ್ಷರವನ್ನು ಆ ಮನುಷ್ಯ ನಡುವಯಸ್ಸಿನಲ್ಲಿ, ಕುಂಟುಗಾಲಿನಲ್ಲಿ, ಹೆಂಡತಿಯಿಂದ ಕಲಿತರು. ಮಗಳ ಜೊತೆ ಕುಳಿತು ಕಲಿತರು. ಬಿಳಿಯ ಅಧಿಕಾರಿಗಳ ಮೇಜಿನ ಮುಂದೆ ನಿಂತು ನಮ್ಮ ಭಾಷೆಯಲ್ಲಿ ರುಜು ಹಾಕಿದರು. ಆ ಕೋಣೆಯಲ್ಲಿ ನನಗೆ ಆದ ಹೆಮ್ಮೆ ಮುಂದೆ ಮುಲ್ಕಿ ಪಾಸಾದಾಗಲೂ ಆಗಲಿಲ್ಲ.

"ಇವರು ಇಂಗ್ಲಂಡದವರಲ್ಲರಿ," ಎಂದರು ಕಾರಕೂನರು ಮೊದಲಿನ ಪುಸ್ತಕ ನೋಡುತ್ತ. "ಐರ್ಲಂಡದವರು."

"ಅದು ಎಲ್ಲಿ ಬರತದ?" ಎಂದು ಅಜ್ಜ ಕೇಳಿದರು.

ಕಾರಕೂನರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಇಂಗ್ಲಂಡದ ಬಾಜೂಕ ಇನ್ನೊಂದು ನಡುಗಡ್ಡಿ. ಅದನ್ನೂ ಇಂಗ್ರೇಜರ ಆಳತಾರ್ರಿ. ಆ ಮಂದಿಗೆ ಅದು ಮನಸ್ಸಿಲ್ಲ."

"ಅಂದ್ರ ಅದೂ ಒಂದು ಕಿತ್ತೂರ ಅನ್ರಿ," ಎಂದರು ಅಜ್ಜ. ಆಮೇಲೆ ಆಯಿಯ ಕಡೆ ತಿರುಗಿ ಕೈ ಜೋಡಿಸಿದರು. "ಸಾಕ್ರಿ ಅವ್ವಾ. ನನಗಿನ್ನ ಏನೂ ಕೇಳೂದಿಲ್ಲ. ನಮ್ಮ ಅಕ್ಷರ ಕಲ್ತಾಂವ ನಮ್ಮಾಂವ. ಹುಡುಗೀನ ಕೊಡ್ರಿ."

ಅಪ್ಪನ ಮುಖ ಅರಳಿತು. ಆಯಿ ಅಡ್ಡಡ್ಡ ತಲೆಯಾಡಿಸಿದರು.

"ನಿಮಗ ಸಾಕು. ನನಗ ಸಾಕಾಗಿಲ್ಲ. ತೋಪಖಾನ್ಯಾಗ ಇದ್ದ ಅಂತ ಈಗ ಗೊತ್ತಾತು. ಯಾವಾಗ ಬಂದ ಅಂತ ಗೊತ್ತಾಗಲಿಲ್ಲ. ನಮ್ಮೂರಾಗ ಕಿತ್ತೂರ ರಾಣಿ ಗದ್ದಿಗಿ ಐತಿ. ಬುದ್ಧಿ ಬಂದಾಗಿಂದ ನಾ ಅದರ ಒಳಗ ಕಾಲಿಟ್ಟಿಲ್ಲ, ಹೊರಗ ನಿಂತು ಕೈ ಮುಗದು ಹೋಗತೇನಿ. ಯಾವ ಮಾರಿ ಹೊತ್ತು ಒಳಗ ಹೋಗ್ಲಿ?"

ಈ ಸಂಗತಿ ಅಪ್ಪನಿಗೂ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದು ನಾವು ಯಾರೂ ಗಮನಿಸಿರಲಿಲ್ಲ.

ಅವರು ಹಡಗಿನಿಂದ ಯಾವಾಗ ಇಳಿದರೆಂಬುದು ಬೆಳಗಾವಿಯಲ್ಲಿ ಸಿಗುವುದಿಲ್ಲ, ಮುಂಬಯಿಗೆ ಬರೆದು ಕೇಳಬೇಕು, ಬಂದಿಳಿದ ಸೋಜರರ ಯಾದಿ ಅಲ್ಲಿರುತ್ತದೆ ಎಂದು ಕಾರಕೂನರು ಹೇಳಿದರು. ವಕೀಲರು ಅಂದೇ ಅರ್ಜಿ ಬರೆದುಕೊಟ್ಟರು. ಆಯಿ ಅದರ ಕೆಳಗೆ ಕನ್ನಡದಲ್ಲಿ ರುಜು ಮಾಡಿದರು.

ಮಳೆಗಾಲ ಬಂತು, ಹೋಯಿತು. ಹಿಂಗಾರಿ ಬಿತ್ತನೆಯಾಯಿತು. ಅರಳೆ ಗಿಡ ಮೊಣಕಾಲೆತ್ತರ ಬೆಳೆದವು. ಊರಲ್ಲಿ ಜನ ನನ್ನ ಮದುವೆಯ ಮಾತು ಮುರಿದುಬಿತ್ತೆಂದೇ ಆಡಿಕೊಂಡರು. ನಾನು ಓದುತ್ತ ಕುಳಿತೆ. ಹುಡುಗನನ್ನು ನಾನು ಸರಿಯಾಗಿ ನೋಡಿಯೂ ಇರಲಿಲ್ಲ. ಆದರೂ ಆ ಕಾಗದ ಬರಲಿ, ಒಳ್ಳೆಯದೇ ಬರಲಿ ಎಂದು ಮನಸ್ಸು ಹಾತೊರೆಯುತ್ತಿತ್ತು. ಮದುವೆಗಾಗಿ ಎಷ್ಟು, ಆಯಿಗಾಗಿ ಎಷ್ಟು ಎಂದು ಕೇಳಿದರೆ ಇಂದಿಗೂ ಹೇಳಲಾರೆ.

ದೀಪಾವಳಿಯ ಹಿಂದುಮುಂದೆ ಮುಂಬಯಿಯ ಲಕೋಟೆ ಬಂತು. ಅಪ್ಪ ಅಲ್ಲೇ ಒಡೆಯಲು ಹೊರಟರು. ಆಯಿ ಅದನ್ನು ಕೈಯಿಂದ ಇಸಿದುಕೊಂಡರು.

"ಕಿತ್ತೂರಿಗೆ ಹೇಳಿ ಕಳಸು. ಅವರು ಬರೂತನಕಾ ಒಡ್ಯಾಕ ಬ್ಯಾಡ."

"ಒಳಗ ಕೆಟ್ಟದ್ದಿದ್ರ?" ಎಂದರು ಅಪ್ಪ.

"ಇದ್ರ ಅವರ ಮುಂದ ಇರ್ಲಿ."

ಅಜ್ಜ ಕುದುರೆಯ ಮೇಲೆ ಬಂದರು, ಆ ವಯಸ್ಸಿನಲ್ಲಿ. ಜೊತೆಯಲ್ಲಿ ಮೊಮ್ಮಗ, ಮುಂದೆ ನನ್ನ ಕೈ ಹಿಡಿದವರು. ಇಂಗ್ಲಿಷ್ ಶಾಲೆಯ ಹೆಡ್ ಮಾಸ್ತರರನ್ನು ಕರೆಸಿದ್ದೆವು. ಅವರು ಪಡಸಾಲೆಯಲ್ಲಿ ಕನ್ನಡಕ ಹಾಕಿಕೊಂಡು ಕುಳಿತು ಲಕೋಟೆ ಒಡೆದರು, ಮೊದಲು ತಾವು ಓದಿಕೊಂಡು ಆಮೇಲೆ ಹೇಳತೊಡಗಿದರು. ಊರು ಐರ್ಲೆಂಡಿನ ಪಡುವಣ ತೀರದ ಒಂದು ಹಳ್ಳಿ. ಅದರ ಹೆಸರನ್ನು ಮಾಸ್ತರರು ಮೂರು ರೀತಿಯಲ್ಲಿ ಉಚ್ಚರಿಸಿ ನೋಡಿದರು. ಕಸಬು ಕೂಲಿ. ದಂಡು ಸೇರಿದಾಗ ವಯಸ್ಸು ಹತ್ತೊಂಬತ್ತು. ಕಾರ್ಕ್ ಎಂಬ ಬಂದರಿನಲ್ಲಿ ಹಡಗು ಹತ್ತಿದ್ದು. ಎತ್ತರದ ಆಳು, ಕೆಂಚುಗೂದಲು, ಬೂದು ಕಣ್ಣು, ಗದ್ದದ ಎಡಗಡೆಗೆ ಗಾಯದ ಕಲೆ.

"ಇಸವಿ ಹೇಳ್ರಿ," ಎಂದರು ಅಜ್ಜ.

ಮಾಸ್ತರರು ಮುಂಬಯಿಗೆ ಬಂದಿಳಿದ ಇಸವಿಯನ್ನು ಓದಿದರು. ಕಿತ್ತೂರ ಕೋಟೆ ಬಿದ್ದ ವರ್ಷ ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ. ಅಜ್ಜ ಬೆರಳು ಮಡಚಿ ಎಣಿಸಿದರು, ಇನ್ನೊಮ್ಮೆ ಎಣಿಸಿದರು. ಆಮೇಲೆ ಎರಡೂ ಕೈಯನ್ನು ಮೊಣಕಾಲ ಮೇಲೆ ಅಪ್ಪಳಿಸಿದರು.

"ಕೋಟಿ ಬಿದ್ದು ಏಳೆಂಟು ವರ್ಷ ಆದಮ್ಯಾಲ ಬಂದಾನ್ರಿ! ನಮ್ಮ ದೊಡ್ಡಪ್ಪ ಸಾಯೂ ಹೊತ್ತಿಗೆ ಅಂವ ಇನ್ನಾ ಸಣ್ಣ ಹುಡುಗ. ಅವರೂರಾಗ ಕುರಿ ಕಾಯತಿದ್ದನೋ ಏನೋ!"

ಅಪ್ಪ ಜೋರಾಗಿ ನಕ್ಕರು, ಅವ್ವ ಒಳಗಿನಿಂದ ಓಡಿಬಂದರು. ನಾನು ಬಾಗಿಲ ಮರೆಯಲ್ಲಿ ನಿಂತವಳು ಆ ಹುಡುಗ ನನ್ನ ಕಡೆ ನೋಡುತ್ತಿರುವುದನ್ನು ಕಂಡೆ. ನಾನೂ ಕಣ್ಣು ತಗ್ಗಿಸಲಿಲ್ಲ. ಆಯಿ ಮಾತ್ರ ಈ ಗದ್ದಲದಲ್ಲಿ ಸೇರಲಿಲ್ಲ. ಮಾಸ್ತರರ ಹತ್ತಿರ ಸರಿದು ಕುಳಿತರು.

"ಮಾರಿ ಹೆಂಗಿತ್ತಂತ ಇನ್ನೊಂದ ಸಲ ಓದ್ರಿ."

ಮಾಸ್ತರರು ಓದಿದರು. ಗದ್ದದ ಕಲೆಯ ಮಾತು ಬಂದಾಗ ಆಯಿ ಕಣ್ಣು ಮುಚ್ಚಿ, ತೋರುಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದರು. "ಮಾರಿ ಮರತಬಿಟ್ಟಿದ್ದೆ," ಎಂದರು. "ಈ ಬೆರಳಿಗೆ ನೆನಪೈತಿ. ಆ ಕಲೀ ಮ್ಯಾಲ ಬೆರಳ ಇಟ್ಟು ಮಲಗತಿದ್ದೆ."

ಅಂದೇ ಸಂಜೆ ಆಯಿ ಸ್ನಾನ ಮಾಡಿ ಇಳಕಲ್ಲ ಸೀರೆ ಉಟ್ಟು ರಾಣಿಯ ಗದ್ದಿಗೆಗೆ ಹೊರಟರು. ನಾನು ಹೂವಿನ ಬುಟ್ಟಿ ಹಿಡಿದು ಜೊತೆಗಿದ್ದೆ. ಬಾಗಿಲಲ್ಲಿ ಅಭ್ಯಾಸಬಲದಿಂದ ಅವರ ಕಾಲು ನಿಂತಿತು. ಆಮೇಲೆ ಒಳಗೆ ನಡೆದರು. ಹೂ ಏರಿಸಿ, ಹಣೆ ಮುಟ್ಟಿಸಿ, ಅಲ್ಲೇ ನೆಲದ ಮೇಲೆ ಬಹಳ ಹೊತ್ತು ಕುಳಿತರು. ತಮ್ಮಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಬಾರದೆಂದು ನಾನು ಸ್ವಲ್ಪ ದೂರ ನಿಂತೆ.

ನನ್ನ ಮದುವೆ ಕಿತ್ತೂರಿನಲ್ಲಿ ಆಯಿತು. ಪರೀಕ್ಷೆ ಮುಗಿದ ಮೇಲೆಯೇ ಆಗಬೇಕೆಂಬ ಆಯಿಯ ಮಾತಿಗೆ ಅಜ್ಜ ತಕರಾರು ಮಾಡಲಿಲ್ಲ. ಬೀಗರ ಪಂಕ್ತಿಯಲ್ಲಿ ಯಾರೋ ಹೆಂಗಸು ಆಯಿಯನ್ನು ಯಾರ ಮನೆಯವರೆಂದು ಕೇಳಿದಳು. ಆಯಿ ಗಂಡನ ಮನೆತನವನ್ನೂ ಹೇಳಲಿಲ್ಲ, ಸೋದರಮಾವನ ಮನೆತನವನ್ನೂ ಹೇಳಲಿಲ್ಲ. "ನಾ ಸೋಜರನ ಮಗಳು," ಎಂದರು, ಎಲ್ಲರಿಗೂ ಕೇಳುವ ಹಾಗೆ. ಅದೇ ಪಂಕ್ತಿಯ ತುದಿಯಲ್ಲಿದ್ದ ಅಜ್ಜ, "ಕನ್ನಡದಾಗ ರುಜು ಮಾಡೂ ಸೋಜರ!" ಎಂದು ಕೂಗಿ ಹೇಳಿದರು.

ಮುಂದೆ ನನ್ನ ಗಂಡನಿಗೆ ರಾಮದುರ್ಗ ಸಂಸ್ಥಾನದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಹೆಣ್ಣುಮಕ್ಕಳ ಶಾಲೆಗೆ ಕಲಿಸುವ ಹೆಂಗಸು ಬೇಕಾಗಿತ್ತು. ಮುಲ್ಕಿ ಪಾಸಾದವಳೆಂದು ನನ್ನನ್ನು ಕೇಳಿದರು. ಮಲಪ್ರಭೆಯ ದಂಡೆಯ ಆ ಊರಿನಲ್ಲಿ ನಾನು ವರ್ಷಗಟ್ಟಲೆ ಮಕ್ಕಳಿಗೆ ಅಕ್ಷರ ತಿದ್ದಿಸಿದೆ. ಸುರೇಬಾನದ ಕಡೆಯಿಂದಲೂ ಒಂದಿಬ್ಬರು ಹುಡುಗಿಯರು ಬಂಧುಗಳ ಮನೆಯಲ್ಲಿ ಉಳಿದು ಕಲಿಯಲು ಬರುತ್ತಿದ್ದರು. ಒಮ್ಮೆ ಆಯಿ ನಮ್ಮಲ್ಲಿಗೆ ಬಂದಿದ್ದಾಗ ಶಾಲೆಗೆ ಕರೆದೊಯ್ದು ಗೋಡೆಯ ನಕಾಶೆಯಲ್ಲಿ ಐರ್ಲೆಂಡ್ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಇಷ್ಟ ಸಣ್ಣದ? ನಮ್ಮ ಬೈಲಹೊಂಗಲ ಎಲ್ಲಿ ತೋರಸು," ಎಂದರು. ನಕಾಶೆಯಲ್ಲಿ ಬೈಲಹೊಂಗಲ ಇರಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ತಾವೇ ಒಂದು ಚುಕ್ಕಿ ಇಟ್ಟರು.

ಆಯಿ ತೀರಿಕೊಂಡ ಮೇಲೆ ನನಗೊಂದು ಆಸೆ ಹುಟ್ಟಿತು. ಮುಂಬಯಿ ಕಾಗದದಲ್ಲಿದ್ದ ಹಳ್ಳಿಯ ಹೆಸರು ಹಿಡಿದು, ಅಲ್ಲಿಯ ಇಗರ್ಜಿಗೆ ಒಂದು ಪತ್ರ ಬರೆದೆ. ಇಂಗ್ಲಿಷಿಗೆ ತಿರುಗಿಸಿ ಬರೆದವರು ನನ್ನ ಗಂಡ. ಉತ್ತರ ಬರುತ್ತದೆಂಬ ಭರವಸೆ ಇಬ್ಬರಿಗೂ ಇರಲಿಲ್ಲ. ಬಂತು. ಅಲ್ಲಿಯ ಪಾದ್ರಿಗಳು ತಾವೇ ಕೈಯಾರೆ ಬರೆದಿದ್ದರು. ಆ ಮನೆತನದವರು ಈಗ ಅಲ್ಲಿ ಯಾರೂ ಉಳಿದಿಲ್ಲ, ನಡುವೆ ದೊಡ್ಡ ಬರ ಬಂದು ಹಳ್ಳಿಯ ಅರ್ಧ ಜನ ಸತ್ತರು, ಅರ್ಧ ಜನ ಹಡಗು ಹತ್ತಿದರು. ಆದರೆ ಆ ಹುಡುಗನ ದೀಕ್ಷಾಸ್ನಾನದ ದಾಖಲೆ ಇಗರ್ಜಿಯಲ್ಲಿದೆ. ಅವನೇನಾದನೆಂದು ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ತಿಳಿದರೆ ದಯವಿಟ್ಟು ತಿಳಿಸಿ ಎಂದು ಕೇಳಿದ್ದರು.

ನನ್ನ ಗಂಡ ಪತ್ರ ಓದಿ ಮುಗಿಸಿ, "ಬರಿ ಹಂಗಾರ. ತಿಳಸು," ಎಂದರು.

ಅಂದು ಶಾಲೆಗೆ ರಜೆ. ಮುಂಜಾನೆಯಿಂದ ಕುಳಿತು ಬರೆದೆ. ಕಾಲಿಗೆ ಪೆಟ್ಟಾಗಿ ದಂಡು ಬಿಟ್ಟರು ಎಂದೆ. ಬಡಿಗತನ ಮಾಡಿ ಬಾಳಿದರು, ರೈತರಿಗೆ ಕೂರಿಗೆ ಮಾಡಿಕೊಟ್ಟರು ಎಂದೆ. ಚಚಡಿಯ ಐಗಳ ಮಗಳನ್ನು ಮದುವೆಯಾದರು, ಅವರಿಂದ ನಮ್ಮ ಅಕ್ಷರ ಕಲಿತರು, ಬೈಲಹೊಂಗಲದ ಹೊಲದಲ್ಲಿ ಆಕೆಯ ಪಕ್ಕದಲ್ಲೇ ಮಣ್ಣಾಗಿದ್ದಾರೆ ಎಂದೆ. ಅವರಿಗೆ ಒಬ್ಬಳೇ ಮಗಳು, ಈಗ ಮರಿಮಕ್ಕಳು, ಗಿರಿಮಕ್ಕಳು ಸೇರಿ ದೊಡ್ಡ ಬಳಗವಾಗಿದೆ, ಅವರ ಕಣ್ಣು ನನಗೂ ನನ್ನ ಕಿರಿಯ ಮಗಳಿಗೂ ಬಂದಿದೆ ಎಂದೆ. ಗಂಡ ಎಲ್ಲವನ್ನೂ ಇಂಗ್ಲಿಷಿನಲ್ಲಿ ಶುದ್ಧವಾಗಿ ಬರೆದು, ಕೊನೆಗೆ ರುಜು ಮಾಡಲು ಕಾಗದವನ್ನು ನನ್ನ ಕಡೆ ಸರಿಸಿದರು. ನಾನು ನನ್ನ ಹೆಸರನ್ನು ಕನ್ನಡದಲ್ಲೇ ಬರೆದು, ಅದರ ಕೆಳಗೆ ರಾಮದುರ್ಗ ಕನ್ನಡ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ ಎಂದು ಸೇರಿಸಿ, ಲಕೋಟೆಗೆ ಅಂಟು ಹಚ್ಚಿ, ನಾನೇ ನಡೆದು ಹೋಗಿ ಟಪಾಲಿಗೆ ಹಾಕಿ ಬಂದೆ.